ಬೇಟೆಯೋ ಮೀನೋ: ಇದು ಯಾರ ಪ್ರಶ್ನೆ?

ಆಶ್ವೀಜ ಕಾರ್ತೀಕದಲ್ಲಿ ಬೇಟೆಗೆ ಹೋಗೋದು ಒಳ್ಳೇದೋ, ಮೀನು ಹಿಡಿಯೋದು ಒಳ್ಳೇದೋ? ಕೇಳಲಿಕ್ಕೆ ಸರಳವಾದ ಪ್ರಶ್ನೆ. ಮಳೆ ಹಿಂದೆಗೆದಿದೆ, ಕಾಡು ಹಸಿರಾಗಿದೆ, ಕೆರೆ ತುಂಬಿದೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಅಂತ. ಆದರೆ ಆರಿಸಿಕೊಳ್ಳಬೇಕಾದರೆ ಮೊದಲು ಎರಡೂ ಕೈಗೆ ಎಟುಕುವಂತಿರಬೇಕು. ಬೇಟೆಗೆ ಕೋವಿ ಬೇಕು, ನಾಯಿ ಬೇಕು, ಹೊಕ್ಕರೆ ಯಾರೂ ಕೇಳದ ಕಾಡು ಬೇಕು. ಮೀನಿಗೆ, ಇಳಿದರೆ ಯಾರೂ ಬಯ್ಯದ ನೀರು ಬೇಕು. ಎರಡಕ್ಕೂ ಬಿಡುವು ಬೇಕು. ಇವೆಲ್ಲ ಇದ್ದವನಿಗೆ ಮಾತ್ರ ಇದು ಪ್ರಶ್ನೆ. ಇಲ್ಲದವನಿಗೆ, ಇವತ್ತಿನ ಸಾರಿಗೆ ಏನು ಸಿಕ್ಕೀತು ಅನ್ನೋದೊಂದೇ ಪ್ರಶ್ನೆ. ನಮ್ಮ ಸಾಹಿತ್ಯ ಇವೆರಡರಲ್ಲಿ ಯಾವ ಪ್ರಶ್ನೆಯನ್ನು ಕೇಳಿಕೊಂಡು ಬಂದಿದೆ ಅನ್ನೋದನ್ನ ನೋಡೋಣ.

ನಮ್ಮ ನೆಲದಲ್ಲಿ ಬೇಟೆ ಮತ್ತು ಮೀನು ಎರಡನ್ನೂ ಅಕ್ಕಪಕ್ಕ ಇಟ್ಟು ವಿವರವಾಗಿ ಬರೆದ ಹಳೆಯ ಪುಸ್ತಕ ‘ಮಾನಸೋಲ್ಲಾಸ’. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಸುಮಾರು 1130ರ ಹೊತ್ತಿಗೆ ಸಂಸ್ಕೃತದಲ್ಲಿ ಬರೆದದ್ದು. ರಾಜನ ವಿನೋದಗಳನ್ನು ಹೇಳುವ ಭಾಗದಲ್ಲಿ ಮೃಗಯಾವಿನೋದವೂ ಇದೆ, ಮತ್ಸ್ಯವಿನೋದವೂ ಇದೆ. ಯಾವ ಮೀನು ಹೇಗಿರ್ತದೆ, ಯಾವುದಕ್ಕೆ ಎಂಥ ಮೇವು ಹಾಕಿ ಪಳಗಿಸಬೇಕು, ಗಾಳ ಹೇಗೆ ಕಟ್ಟಬೇಕು ಅಂತೆಲ್ಲ ಸೋಮೇಶ್ವರ ಬರೆದಿದ್ದಾನೆ. 1951ರಲ್ಲಿ ಸುಂದರ್ ಲಾಲ್ ಹೋರಾ ಎಂಬ ಪ್ರಾಣಿಶಾಸ್ತ್ರಜ್ಞರು ಈ ಅಧ್ಯಾಯದ ಮೇಲೇ ಒಂದು ದೊಡ್ಡ ಪ್ರಬಂಧ ಬರೆದರು. ಅಷ್ಟು ಖಚಿತವಾದ ತಿಳುವಳಿಕೆ ಅದರಲ್ಲಿದೆ.

ಈ ತಿಳುವಳಿಕೆ ಎಲ್ಲಿಂದ ಬಂತು? ಮೀನಿನ ಮೇವು ದೊರೆ ಕಲೆಸಿದ್ದಲ್ಲ. ಗಾಳದ ದಾರ ದೊರೆ ಹೊಸೆದದ್ದಲ್ಲ. ಯಾವ ಮೀನು ಯಾವ ಮಡುವಿನಲ್ಲಿ ಮಲಗ್ತದೆ ಅಂತ ರಾತ್ರಿಯೆಲ್ಲ ನೀರಲ್ಲಿ ನಿಂತು ಕಂಡುಕೊಂಡವನು ಬೇರೆ. ಅವನ ಬದುಕು ದೊರೆಯ ಪುಸ್ತಕದಲ್ಲಿ ‘ವಿನೋದ’ ಎಂಬ ಹೆಸರು ಪಡೆಯಿತು. ತಿಳುವಳಿಕೆ ನಮ್ಮದು, ಗ್ರಂಥ ಅವರದು.

ಅದೇ ಪುಸ್ತಕದ ಊಟದ ಅಧ್ಯಾಯದಲ್ಲಿ ಇನ್ನೊಂದು ಸಂಗತಿ ಇದೆ. ಹೊಳೆದಂಡೆ, ಹೊಲಗಳಲ್ಲಿ ಸಿಗುವ ಕಪ್ಪು ಇಲಿಯನ್ನು ಬಿಸಿ ಎಣ್ಣೆಯಲ್ಲಿ ಹಾಕಿ, ಕೂದಲು ಕಿತ್ತು, ತೊಳೆದು, ಅಡಿಗೆ ಮಾಡುವ ಕ್ರಮವನ್ನು ದೊರೆ ಬರೆದಿದ್ದಾನೆ. ರಾಜಭೋಜನ ಅದು! ರಾಗಿ ಹೊಲದ ಬದುವಿನಲ್ಲಿ ಬಿಲ ಅಗೆದು ಇಲಿ ಹಿಡಿದ ನಮ್ಮ ಜನಕ್ಕೆ ಮಾತ್ರ ಅದೇ ಇಲಿ ಬೈಗುಳವಾಯಿತು. ಇಲಿ ಒಂದೇ, ಹಸಿವೂ ಒಂದೇ. ಹಿಡಿದ ಕೈ ಯಾವ ಜಾತಿಯದು ಅನ್ನೋದರ ಮೇಲೆ ಭೋಜನವೋ ಹೊಲಸೋ ಅನ್ನೋದು ತೀರ್ಮಾನವಾಯಿತು. ಆಹಾರದ ಶುದ್ಧಿ ಅಶುದ್ಧಿ ಬಗ್ಗೆ ದೊಡ್ಡ ಗಂಟಲಲ್ಲಿ ಮಾತಾಡುವ ಸಜ್ಜನರು ನಮ್ಮದೇ ನಾಡಿನ ದೊರೆಯ ತಟ್ಟೆಯನ್ನು ಒಮ್ಮೆ ನೋಡಬೇಕು.

ಈಗ ಎರಡು ನಾಯಿಗಳ ಕತೆ ನೋಡಿ. ಮೊದಲನೆಯದು ಮದ್ದೂರು ಸೀಮೆಯ ಆತಕೂರಿನ ಶಾಸನದ್ದು. ಸುಮಾರು 949ರ ಕಾಲ. ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗರ ಬೂತುಗ, ತನ್ನ ಬಂಟ ಮಣಲೇರನಿಗೆ ಏನು ಬೇಕು ಕೇಳು ಅಂದ. ಮಣಲೇರ ದೊರೆಯ ‘ಕಾಳಿ’ ಎಂಬ ಬೇಟೆನಾಯಿಯನ್ನು ಕೇಳಿಕೊಂಡ. ಬೆಳತೂರಿನ ಬೆಟ್ಟದಲ್ಲಿ ಆ ನಾಯನ್ನು ಒಂದು ದೊಡ್ಡ ಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಸತ್ತ ನಾಯಿಗೆ ಕಲ್ಲು ನಿಲ್ಲಿಸಿದರು, ಭೂಮಿ ಬಿಟ್ಟರು, ಪೂಜೆಗೆ ಏರ್ಪಾಡು ಮಾಡಿದರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಪ್ರಾಣಿಯನ್ನು ನೆನೆದದ್ದು ತಪ್ಪಲ್ಲ. ಆದರೆ ಅವತ್ತು ಪೊದೆ ಬಡಿದು ಆ ಹಂದಿಯನ್ನು ಎಬ್ಬಿಸಿದವರು ಯಾರು? ಸೋವು ಹಿಡಿದವರು ಯಾರು? ಬೇಟೆ ಅಂದರೆ ಹತ್ತಾರು ಜನರ ಮೈಮುರಿ ಕೆಲಸ. ಶಾಸನದಲ್ಲಿ ನಾಯಿಗೆ ಹೆಸರಿದೆ, ಸೋವಿನವರಿಗೆ ಇಲ್ಲ.

ಎರಡನೆಯದು ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಹುಲಿಯ. 1967ರಲ್ಲಿ ಬಂದ ಈ ಕಾದಂಬರಿ ಶುರುವಾಗೋದೇ ಹೊಲೆಯರ ಗುತ್ತಿ ಮತ್ತು ಅವನ ನಾಯಿ ಹುಲಿಯನಿಂದ. ಕೊನೆಯಲ್ಲಿ ತುಂಬಿದ ತುಂಗೆ ಹುಲಿಯನನ್ನು ಕೊಚ್ಚಿಕೊಂಡು ಹೋಗ್ತದೆ. ಮಣಲೇರನ ನಾಯಿಗೆ ಕಲ್ಲು ಸಿಕ್ಕಿತು, ಗುತ್ತಿಯ ನಾಯಿಗೆ ಪ್ರವಾಹ. ಆದರೂ ಒಂದು ಸಾವಿರ ವರ್ಷದ ಮೇಲೆ, ಕಾಡು ಸುತ್ತುವ ಹೊಲೆಯನೊಬ್ಬನಿಗೂ ಅವನ ನಾಯಿಗೂ ಹೆಸರು ಕೊಟ್ಟು, ಆ ನಾಯಿಯ ಸಾವಿಗೆ ಓದುಗರು ಅಳುವಂತೆ ಮಾಡಿದ್ದು ಕನ್ನಡ ಸಾಹಿತ್ಯಕ್ಕೆ ಸಣ್ಣ ಮಾತಲ್ಲ. ಕುವೆಂಪು ಅವರನ್ನು ನಾವು ಬರೀ ಸ್ತುತಿ ಮಾಡಬೇಕಾಗಿಲ್ಲ. ಆದರೆ ಈ ಒಂದು ಲೆಕ್ಕ ಅವರಿಗೆ ಸಲ್ಲಲೇಬೇಕು.

ಇಲ್ಲಿಂದ ಇನ್ನೂ ಹಿಂದಕ್ಕೆ, ಪುರಾಣಗಳಿಗೆ ಹೋದರೆ ಒಂದು ನಿಯಮವೇ ಕಾಣ್ತದೆ. ಬೇಟೆಯವನು ಕಾವ್ಯದ ಒಳಗೆ ಬರಬೇಕಾದರೆ ಮೈಯ ಒಂದು ಭಾಗ ಕೊಡಬೇಕು. ಏಕಲವ್ಯ ಹೆಬ್ಬೆರಳು ಕೊಟ್ಟ. ಬೇಡರ ಕಣ್ಣಪ್ಪ ಕಣ್ಣು ಕೊಟ್ಟ. ಮೀನಿನವರು ಒಳಗೆ ಬರಬೇಕಾದರೆ ಮೈಯ ವಾಸನೆ ಬಿಡಬೇಕು. ಮತ್ಸ್ಯಗಂಧಿ ದೋಣಿ ನಡೆಸುವವಳು. ಪರಾಶರ ಋಷಿ ಅವಳ ಮೀನಿನ ವಾಸನೆ ತೆಗೆದು ಯೋಜನಗಂಧಿ ಮಾಡಿದ. ಆಮೇಲೆ ಅವಳು ಶಂತನುವಿನ ರಾಣಿಯಾದಳು. ವಾಸನೆ ಇದ್ದಾಗ ಆಕೆ ಯಾರಿಗೂ ರಾಣಿಯಲ್ಲ. ತಮಾಷೆ ನೋಡಿ, ಮಹಾಭಾರತ ಬರೆದ ವ್ಯಾಸ ಇದೇ ಹೆಂಗಸಿನ ಮಗ. ತಾಯಿಯ ಮೈವಾಸನೆ ಕಳೆದ ಮೇಲೆಯೇ ಮಗ ಮಹರ್ಷಿ.

1954ರಲ್ಲಿ ‘ಬೇಡರ ಕಣ್ಣಪ್ಪ’ ಸಿನಿಮಾ ಬಂತು. ರಾಜಕುಮಾರ್ ನಾಯಕರಾದ ಮೊದಲ ಚಿತ್ರ. ಹಳ್ಳಿಹಳ್ಳಿಯ ಜನ ಅದನ್ನು ತಮ್ಮದು ಅಂದುಕೊಂಡು ನೋಡಿದರು. ಶಿವನಿಗೆ ಮಾಂಸ ಕೊಟ್ಟ ಬೇಡ, ಮಡಿ ಮಾಡುವ ಪೂಜಾರಿಗಿಂತ ದೊಡ್ಡವನು ಅನ್ನೋ ಕತೆ ಅದು, ಗಟ್ಟಿಯಾದ ಕತೆ. ಆದರೆ ಸಿನಿಮಾದವರು ಅದಕ್ಕೊಂದು ಮುಂಕತೆ ಅಂಟಿಸಿದರು. ಬೇಡ ದಿಣ್ಣ ಮತ್ತು ಅವನ ಹೆಂಡತಿ ನೀಲ ನಿಜವಾಗಿ ದೇವಲೋಕದವರು, ಶಾಪದಿಂದ ಬೇಡರ ಹಟ್ಟಿಯಲ್ಲಿ ಹುಟ್ಟಿದವರು ಅಂತ! ಅಂದರೆ ಬೇಡರ ಹೊಟ್ಟೆಯಲ್ಲಿ ಹುಟ್ಟಿದ ಬೇಡ ಅಷ್ಟು ದೊಡ್ಡ ಭಕ್ತನಾಗೋದು ಸಾಧ್ಯವಿಲ್ಲ. ಶಾಪ ಬೇಕು. ಹಟ್ಟಿಯಲ್ಲಿ ಹುಟ್ಟೋದೇ ಒಂದು ಶಿಕ್ಷೆ ಅನ್ನೋ ಮಾತು ಈ ಮುಂಕತೆಯೊಳಗೆ ಸದ್ದಿಲ್ಲದೆ ಕೂತಿದೆ.

ಈ ನಿಯಮ ಮುರಿದವನೊಬ್ಬ ಇದ್ದಾನೆ. ಸೋಮೇಶ್ವರ ಮೀನಿನ ವಿನೋದ ಬರೆದ ಕೆಲವೇ ದಶಕಗಳ ಮೇಲೆ, ಅದೇ ಕಲ್ಯಾಣದ ಶರಣರ ನಡುವೆ ಬಂದ ಅಂಬಿಗರ ಚೌಡಯ್ಯ. ಬೇರೆ ಬಹಳ ಮಂದಿ ಶರಣರು ದೇವರ ಹೆಸರನ್ನು ಅಂಕಿತ ಮಾಡಿಕೊಂಡರೆ ಈತ ತನ್ನ ಹೆಸರನ್ನೇ, ಅದೂ ಕಸುಬಿನ ಸಮೇತ, ಅಂಕಿತ ಮಾಡಿಕೊಂಡ. ಹೊಳೆಯ ವಾಸನೆ ಕಳೆದುಕೊಳ್ಳದೆ ಸಾಹಿತ್ಯಕ್ಕೆ ಬಂದ. ಶಿಷ್ಟರ ಕಿವಿಗೆ ಅವನ ಮಾತು ಒರಟು. ಒರಟು ಅಂದರೆ ತೊಳೆಯದ್ದು ಅಂತಲೇ ಅರ್ಥ. ನಮಗೆ ಬೇಕಾದ ಪರಂಪರೆ ಏಕಲವ್ಯನ ಹೆಬ್ಬೆರಳಿಗಿಂತ ಹೆಚ್ಚಾಗಿ ಇಲ್ಲಿದೆ ಅನ್ನೋದು ನನ್ನ ವಾದ.

ಇಂಗ್ಲಿಷರ ಕಾಲಕ್ಕೆ ಬಂದರೆ ದೊರೆಯ ಜಾಗದಲ್ಲಿ ಸಾಹೇಬ ಕೂತ. ಒಂದು ಕಡೆ 1857ರಲ್ಲಿ ಆಯುಧ ಒಪ್ಪಿಸಿ ಅಂದದ್ದಕ್ಕೆ ಹಲಗಲಿಯ ಬೇಡರು ತಿರುಗಿಬಿದ್ದರು, ಅವರ ಊರನ್ನೇ ಸುಟ್ಟರು, ಹಿಡಿದವರನ್ನು ನೇಣಿಗೆ ಹಾಕಿದರು. ಇನ್ನೊಂದು ಕಡೆ ಕಂಟೋನ್ಮೆಂಟಿನ ಬಂಗಲೆಗಳಲ್ಲಿ ಹುಲಿಚರ್ಮ ಹಾಸಿದರು. ಹೊಟ್ಟೆಗಾಗಿ ಬೇಟೆಯಾಡಿದವನು ಬಂಡುಕೋರ, ಗೋಡೆಗಾಗಿ ಬೇಟೆಯಾಡಿದವನು ಶಿಕಾರಿ.

ಬೆಂಗಳೂರಿನಲ್ಲಿ ಬದುಕಿದ್ದ ಕೆನೆತ್ ಆಂಡರ್ಸನ್ (1910–1974), ಎಚ್.ಎ.ಎಲ್. ವಿಮಾನ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದವನು. ಅವನ ಬೇಟೆಯ ಕತೆಗಳನ್ನು ಪೂರ್ಣಚಂದ್ರ ತೇಜಸ್ವಿ ‘ಕಾಡಿನ ಕತೆಗಳು’ ಅಂತ ನಾಲ್ಕು ಭಾಗಗಳಲ್ಲಿ ಕನ್ನಡಕ್ಕೆ ತಂದರು. ಹಳ್ಳಿ ಶಾಲೆಯ ಹುಡುಗರಿಗೂ ಈ ಪುಸ್ತಕಗಳು ಪ್ರಿಯ. ಅದರಲ್ಲೊಂದು ಭಾಗ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’. ಸಾಹೇಬರ ಬೇಟೆಯ ಹುಚ್ಚನ್ನೇ ಬಂಡವಾಳ ಮಾಡಿಕೊಂಡು ಹೊಟ್ಟೆ ಹೊರೆಯುವ ಚಾಲಾಕಿ ಈ ಮುನಿಶಾಮಿ. ಎಲ್ಲರೂ ಅವನನ್ನು ಓದಿ ನಗ್ತಾರೆ. ನನಗೆ ಅನ್ನಿಸೋದು, ಇಡೀ ಪುಸ್ತಕದಲ್ಲಿ ನಿಜವಾದ ಬೇಟೆಗಾರ ಅವನೇ. ಸಾಹೇಬನಿಗೆ ಚಿರತೆ ಬೇಕು, ಮುನಿಶಾಮಿಗೆ ಸಾಹೇಬ ಬೇಕು. ಕೋವಿ ಇಲ್ಲದವನು ಮಾಡಬಹುದಾದ ಬೇಟೆ ಅದೊಂದೇ.

ತೇಜಸ್ವಿಯವರ ಸ್ವಂತ ‘ಪರಿಸರದ ಕತೆ’ (1991) ಇದಕ್ಕಿಂತ ದೊಡ್ಡ ಪುಸ್ತಕ. ಅಲ್ಲಿ ಕಾಡೂ ಇದೆ, ಗಾಳವೂ ಇದೆ. ಮಾರ, ಪ್ಯಾರ, ಮಾಸ್ತಿ, ಬೈರ ಮುಂತಾದವರು ಮಾತಾಡುವ, ಜಗಳಾಡುವ, ಲೇಖಕನಿಗೆ ತಿಳಿಯದ್ದನ್ನು ತಿಳಿದ ಮನುಷ್ಯರಾಗಿ ಬರ್ತಾರೆ. ಆದರೂ ಒಂದು ಮಾತು ಹೇಳಲೇಬೇಕು. ಅಲ್ಲಿ ಮೀನು ಸಿಗದಿದ್ದರೆ ಲೇಖಕನಿಗೆ ಒಂದು ಕತೆ ಸಿಗ್ತದೆ. ಬೈರನಂಥವರಿಗೆ ಸಿಗದಿದ್ದರೆ ಮನೆಯ ಗಡಿಗೆ ಖಾಲಿ. ಆ ಖಾಲಿ ಗಡಿಗೆಯ ಕಡೆಯಿಂದ ಬರೆದ ಪುಸ್ತಕ ಬೇರೆಯೇ ಆಗಿರ್ತದೆ. ಅದನ್ನು ತೇಜಸ್ವಿಯವರು ಬರೆಯಬೇಕಿತ್ತು ಅಂತ ನಾನು ಹೇಳ್ತಿಲ್ಲ. ಅದು ನಾವು ಬರೆಯಬೇಕಾದ ಪುಸ್ತಕ.

ಶರತ್ಕಾಲದ ಬೇಟೆಗೆ ಬರೋಣ. ಕೊಡಗಿನಲ್ಲಿ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬಕ್ಕೆ ಇದೇ ಹಿನ್ನೆಲೆ. ನಾಟಿ ಮುಗಿದ ಮೇಲೆ ಆಯುಧ ಹೊರಗೆ ತೆಗೆದು ಪೂಜೆ ಮಾಡುವ ದಿನ. ಹಿಂದೆ ಅವತ್ತಿನಿಂದ ಬೇಟೆಯ ಕಾಲ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿಯ ಲೈಸೆನ್ಸಿನಿಂದ ಇಂಗ್ಲಿಷರ ಕಾಲದಿಂದಲೂ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರೆಸಿತು. ಹಬ್ಬದ ಮೇಲೆ ನಮಗೆ ತಕರಾರಿಲ್ಲ. ನಾಟಿ ಮಾಡಿದ ಕೈಗಳಲ್ಲಿ ಎರವರ ಕೈ ಎಷ್ಟು, ಪಣಿಯರ ಕೈ ಎಷ್ಟು? ನಾಟಿ ಮುಗಿದಾಗ ಕೋವಿ ಬಂದದ್ದು ಯಾರ ಕೈಗೆ? ಬೇಟೆಯ ಋತುವನ್ನು ಹಾಡಿ ಹೊಗಳುವ ಮುಂಚೆ ಇಷ್ಟನ್ನು ಕೇಳೋದು ವಿಮರ್ಶಕನ ಕರ್ತವ್ಯ.

ಕೊಡಗು ದೂರವಾಯಿತು ಅನ್ನೋರಿಗೆ ಬೆಂಗಳೂರಿನ ಪೂರ್ವದ ಮಹದೇವಪುರ ಹತ್ತಿರ ಇದೆ. ಆಂಡರ್ಸನ್ ದುಡಿದ ವಿಮಾನ ಕಾರ್ಖಾನೆಯಿಂದ ಕೆಲವೇ ಮೈಲಿ. ಇದು ರಾಗಿ ಮತ್ತು ಕೆರೆಯ ಸೀಮೆ. ಹೂಡಿ, ಕುಂದಲಹಳ್ಳಿ, ದೊಡ್ಡನೆಕ್ಕುಂದಿ, ವರ್ತೂರು, ಬೆಳ್ಳಂದೂರು, ಹೀಗೆ ಊರಿಗೊಂದು ಕೆರೆ. ಬೆಂಗಳೂರಿಗೆ ಅತಿ ಹೆಚ್ಚು ಮಳೆ ಸೆಪ್ಟೆಂಬರ್ ಅಕ್ಟೋಬರಿನಲ್ಲೇ. ಕೆರೆ ತುಂಬಿ ಕೋಡಿ ಹರಿಯೋದೂ ಆಗಲೇ. ರಾಗಿ ತೆನೆ ಬಲಿಯೋದೂ ಆಗಲೇ. ಹೊಲಕ್ಕೆ ಮೊಲ ಬರೋದು, ಇಲಿ ಬಿಲಕ್ಕೆ ತೆನೆ ಎಳೆಯೋದು ಆಗಲೇ. ಅಂದರೆ ಪ್ರಕೃತಿಯೇ ಬೇಟೆ ಮೀನು ಎರಡನ್ನೂ ಒಟ್ಟಿಗೆ ತಂದು ಇಡೋ ಕಾಲ.

ಆದರೆ ಕೂಲಿಯವನಿಗೆ ಆ ಕಾಲ ಎಂಥದ್ದು? ಹಗಲು ಗೌಡರ ಹೊಲದಲ್ಲಿ ಕಳೆ, ಆಮೇಲೆ ಕೊಯ್ಲು, ರಾತ್ರಿ ಕಾವಲು. ಕೆರೆ ತುಂಬಿದಾಗ ಮೀನು ಕೈಗೆ ಸಿಗೋಲ್ಲ, ಆಳಕ್ಕೆ ಇಳೀತದೆ. ಸಿಕ್ಕರೆ ಕೋಡಿಯ ಕೆಳಗೆ, ಕಾಲುವೆಯಲ್ಲಿ. ಮೊಲಕ್ಕೆ ಉರುಳು ಹಾಕಬೇಕಾದರೆ ಹೊಲದವನ ಅಪ್ಪಣೆ ಬೇಕು. ತೂಬು ಎತ್ತಿ ನೀರು ಬಿಡುವ ನೀರುಗಂಟಿ ಈ ಸೀಮೆಯಲ್ಲಿ ಬಹುಮಟ್ಟಿಗೆ ದಲಿತ. ಕೆರೆಯ ಒಂದೊಂದು ಅಂಗುಲ ನೀರೂ ಅವನಿಗೆ ಗೊತ್ತು. ಆದರೂ ನೀರು ಅವನದಲ್ಲ, ಮೀನೂ ಅವನದಲ್ಲ. ಕೆಲಸ ಮಾತ್ರ ಅವನದು.

ಆಮೇಲೆ ಕಾನೂನು ಬಂತು. 1972ರ ವನ್ಯಜೀವಿ ಕಾಯ್ದೆ ಮೊದಲು ಲೈಸೆನ್ಸ್ ಪಡೆದವರಿಗೆ ಬೇಟೆಯ ಬಾಗಿಲು ಬಿಟ್ಟಿತ್ತು. 1991ರ ತಿದ್ದುಪಡಿಯಲ್ಲಿ ಅದೂ ಮುಚ್ಚಿತು. ಪ್ರಾಣಿಗಳು ಉಳಿಯಬೇಕು, ನಿಜ. ಇಷ್ಟು ಕಾಡು ಕಳೆದ ಮೇಲೆ ಬೇಟೆಯ ಹಕ್ಕು ಕೇಳೋದು ಮೂರ್ಖತನ. ಆದರೆ ಪ್ರಾಣಿ ಕಡಿಮೆಯಾದದ್ದು ಮೊಲದ ಉರುಳಿನಿಂದಲ್ಲ. 1948ರಲ್ಲಿ ದೂರವಾಣಿನಗರದ ಕಾರ್ಖಾನೆಯಿಂದ ಹಿಡಿದು 1990ರ ದಶಕದ ಸಾಫ್ಟ್‌ವೇರ್ ಪಾರ್ಕಿನವರೆಗೆ ಇಲ್ಲಿ ಹೊಲಗಳೇ ಹೋದವು. 2007ರಲ್ಲಿ ಮಹದೇವಪುರ ನಗರಸಭೆ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿತು. ಬೇಟೆ ಹೀಗೆ ಮುಗಿಯಿತು. ಉಳಿದದ್ದು ಕೆರೆ.

ಕೆರೆಯ ಗತಿ ಎಲ್ಲರಿಗೂ ಗೊತ್ತು. ನಗರದ ಕೊಳಚೆಯ ದೊಡ್ಡ ಪಾಲು ಬೆಳ್ಳಂದೂರಿಗೆ, ಅಲ್ಲಿಂದ ವರ್ತೂರಿಗೆ, ಅಲ್ಲಿಂದ ದಕ್ಷಿಣ ಪಿನಾಕಿನಿಗೆ. 2015ರಲ್ಲಿ, 2017ರಲ್ಲಿ, 2018ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿತ್ತು. ನೀರು ಹೊತ್ತಿ ಉರಿಯೋದನ್ನ ಕಂಡ ತಲೆಮಾರು ನಮ್ಮದು. 2016ರ ಮಾರ್ಚಿಯಲ್ಲಿ ಹಲಸೂರು ಕೆರೆಯ ಮೀನು ರಾಶಿರಾಶಿ ಸತ್ತು ತೇಲಿದವು. ಕೆರೆ ಸುಧಾರಿಸಿದರೆ ಅದಕ್ಕೆ ತಂತಿಬೇಲಿ ಬರ್ತದೆ, ನಡೆದಾಡೋಕೆ ಹಾದಿ ಬರ್ತದೆ. ಮೀನು ಹಿಡಿಯೋ ಹಕ್ಕು ಗುತ್ತಿಗೆಗೆ ಹೋಗ್ತದೆ. ಕಾಟ್ಲಾ ರೋಹು ಮರಿ ಬಿಟ್ಟವರು ಬಲೆ ಎಳೀತಾರೆ. ಗಾಳ ಹಿಡಿದ ಹುಡುಗನನ್ನು ಕಾವಲುಗಾರ ಓಡಿಸ್ತಾನೆ. ಆ ಕಾವಲುಗಾರನೂ ಎಲ್ಲೋ ಇಂಥದೇ ಕೆರೆ ಬಿಟ್ಟು ಬಂದ ಬಡವನೇ ಇರಬಹುದು. ಮಹದೇವಪುರ ವಿಧಾನಸಭಾ ಕ್ಷೇತ್ರ 2008ರಿಂದ ಪರಿಶಿಷ್ಟ ಜಾತಿಗೆ ಮೀಸಲು. ಕುರ್ಚಿ ಮೀಸಲಾಯಿತು, ಕೆರೆ ಆಗಲಿಲ್ಲ.

ಈಗ ನಮ್ಮವರ ಬರವಣಿಗೆಗೆ ಬರ್ತೀನಿ. ಸ್ವಲ್ಪ ಕಹಿ ಅನ್ನಿಸಬಹುದು. ಇತ್ತೀಚೆಗೆ ನಮ್ಮ ಕವಿಗಳು, ಭಾಷಣಕಾರರು ‘ನಾವು ಬೇಟೆಗಾರರ ಕುಲ, ವೀರರ ಕುಲ, ದೊರೆಗಳಾಗಿದ್ದವರು’ ಅಂತ ಎದೆ ತಟ್ಟಿಕೊಳ್ಳೋದು ಹೆಚ್ಚಾಗಿದೆ. ತುಳಿಸಿಕೊಂಡವರಿಗೆ ಅಭಿಮಾನ ಬೇಕು, ಒಪ್ಪಿದೆ. ಹಲಗಲಿಯವರನ್ನು ನೆನೆಯಲೇಬೇಕು. ಆದರೆ ಬೇಟೆಗಾರನ ವಂಶಾವಳಿ ಹುಡುಕುತ್ತಾ ಹೋದರೆ ಕೊನೆಗೆ ಸಿಗೋದು ದೊರೆಯ ಕತೆಯೇ. ಕೊಂದವನೇ ಶೂರ ಅನ್ನೋ ಅಳತೆಗೋಲು ಆತಕೂರಿನ ಕಲ್ಲಿನದು. ಆ ಕೋಲಿನಿಂದ ಅಳೆದರೆ ಸೋವು ಹಿಡಿದ ನಮ್ಮ ಮುತ್ತಾತ ಎಂದಿಗೂ ಗಿಡ್ಡನೇ.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನಲ್ಲಿ ಏನು ಮಾಡಿದರು? ಕತ್ತಿ ಎತ್ತಲಿಲ್ಲ. ಸಾವಿರಾರು ಜನರ ಜೊತೆ ಚವದಾರ್ ಕೆರೆಗೆ ಇಳಿದು ಬೊಗಸೆ ನೀರು ಕುಡಿದರು. ಬೇಟೆಯೋ ನೀರೋ ಅನ್ನೋ ಪ್ರಶ್ನೆಗೆ ನಮ್ಮ ಉತ್ತರ ಅವತ್ತೇ ಸಿಕ್ಕಿದೆ. ದೇವನೂರ ಮಹಾದೇವರ ‘ಒಡಲಾಳ’ವನ್ನು ಈ ಬೆಳಕಿನಲ್ಲಿ ಮತ್ತೆ ಓದಿ. ಅಲ್ಲಿ ಬೇಟೆ ಇದೆ. ಆದರೆ ಬೇಟೆಗಾರ ಪೊಲೀಸಿನವನು, ಕಳುವಾದ ಕಡಲೇಕಾಯಿ ಹುಡುಕಿಕೊಂಡು ಸಾಕವ್ವನ ಮನೆಗೆ ನುಗ್ಗುವವನು. ಮನೆಯವರೆಲ್ಲ ಸುತ್ತ ಕೂತು ರಾತ್ರೋರಾತ್ರಿ ಆ ಕಡಲೇಕಾಯಿ ತಿನ್ನುವ ಆ ಹೊತ್ತು ಇದೆಯಲ್ಲ, ಅಲ್ಲಿ ಯಾರೂ ವೀರರಲ್ಲ, ಯಾರೂ ದೇವಲೋಕದಿಂದ ಬಂದವರಲ್ಲ. ಹಸಿದ ಜನ ಒಟ್ಟಿಗೆ ತಿಂತಾ ಇದ್ದಾರೆ, ಅಷ್ಟೇ. ಹೆಬ್ಬೆರಳು ಕೊಡದೆ, ವಾಸನೆ ಕಳೆದುಕೊಳ್ಳದೆ ಅವರು ಸಾಹಿತ್ಯಕ್ಕೆ ಬಂದರು.

ಮಲೆನಾಡಿನ ಸಾಗರ, ಸೊರಬದ ಕಡೆ ‘ಕೆರೆಬೇಟೆ’ ಅಂತ ಒಂದು ಮಾತಿದೆ. ಬೇಸಿಗೆಯ ಕೊನೆಗೆ ನೀರಿಳಿದ ಕೆರೆಗೆ ಊರ ಜನ ಕೂಣಿ ಹಿಡಿದು ಒಟ್ಟಿಗೆ ನುಗ್ಗಿ ಮೀನು ಹಿಡಿಯೋದು. ಆ ಹೆಸರಿನಲ್ಲೇ 2024ರಲ್ಲಿ ಒಂದು ಕನ್ನಡ ಸಿನಿಮಾ ಬಂತು. ಜನರ ಭಾಷೆ ಬೇಟೆಯನ್ನೂ ಮೀನನ್ನೂ ಒಂದೇ ಪದದಲ್ಲಿ ಕಟ್ಟಿಬಿಟ್ಟಿದೆ ನೋಡಿ. ವಿನೋದ ಬೇರೆ ಬೇರೆ ಇರಬಹುದು, ಹೊಟ್ಟೆಗೆ ಎರಡೂ ಒಂದೇ. ಅಲ್ಲೂ ಜಾತಿ ಇಲ್ಲವೇ ಅಂತ ಕೇಳಬೇಕು, ಕೇಳೋಣ. ಆದರೂ ಒಂದು ಹೊತ್ತಾದರೂ ಕೆರೆ ಅಂದರೆ ಎಲ್ಲರೂ ಇಳಿಯುವ ನೀರು ಅನ್ನೋ ನೆನಪು ಆ ಪದದಲ್ಲಿ ಉಳಿದಿದೆ.

ಹಳ್ಳಿಯ ಮೇಷ್ಟ್ರುಗಳಲ್ಲಿ, ಓದುವ ಹುಡುಗರಲ್ಲಿ ನನ್ನ ಕೋರಿಕೆ ಇಷ್ಟು. ಶಾಲೆಯಲ್ಲಿ ಶರದೃತುವಿನ ಮೇಲೆ ಪ್ರಬಂಧ ಬರೆಸ್ತೀರಲ್ಲ, ಬಿಳಿ ಮೋಡ, ಬೆಳದಿಂಗಳು ಅಂತ. ಈ ಸಲ ಬೇರೆ ಬರೆಸಿ. ನಿಮ್ಮ ಊರ ಕೆರೆಯ ಮೀನುಗಳ ಹೆಸರು ನಿಮ್ಮ ಅಜ್ಜಿಯ ಬಾಯಲ್ಲಿ ಏನು? ಕೊರವ, ಚೇಳುಮೀನು, ಹಾವುಮೀನು ಈಗಲೂ ಇವೆಯೇ? ತೂಬು ಎತ್ತುತ್ತಿದ್ದವರು ಯಾರು? ಕೆರೆಯ ಮೀನು ಈ ವರ್ಷ ಯಾರ ಗುತ್ತಿಗೆಗೆ ಹೋಗಿದೆ, ಎಷ್ಟಕ್ಕೆ? ಕೇರಿಯವರು ನೀರಿಗೆ ಇಳಿಯಬಹುದೇ? ಮಕ್ಕಳು ಮನೆಯಲ್ಲಿ ಕೇಳಿ, ತಮ್ಮ ಮಾತಿನಲ್ಲೇ ಬರೆದು ತರಲಿ. ಕಾಗುಣಿತ ಆಮೇಲೆ ತಿದ್ದಬಹುದು. ಪದಗಳನ್ನು ಮಾತ್ರ ತೊಳೆಯಬೇಡಿ.